ಪಿನ್ನಕ್ಕನ ಬೆರಳಿಗೆ ಉತ್ತರ ಕೊಡಿ

"ಬಾಗಿಲು ಹಾಕಿದ್ದು ನೀವೇ ತಾನೆ?"

ಆರೋಗ್ಯ ಕೇಂದ್ರದ ಮೆಟ್ಟಿಲ ಮುಂದೆ ಹಾಲಿನ ವ್ಯಾನನ್ನು ಅಡ್ಡಡ್ಡ ನಿಲ್ಲಿಸಿ, ಇಂಜಿನ್ ಕೂಡ ಆಫ್ ಮಾಡದೆ ಧುಮುಕಿದವಳು ಹಾಗೆ ಕೇಳಿದಳು. ಊರಿನವರು ಅವಳನ್ನು ಗುಡುಗು ಎಂದು ಕರೆಯುತ್ತಿದ್ದರು. ವ್ಯಾನಿನ ಸದ್ದಿಗೆ ಆ ಹೆಸರು ಬಂತೋ ಅವಳ ಗಂಟಲಿಗೆ ಬಂತೋ, ಯಾರಿಗೂ ನೆನಪಿರಲಿಲ್ಲ.

ಮೆಟ್ಟಿಲ ಮೇಲಿದ್ದ ಸಿಸ್ಟರ್ ಊರಿಗೆ ಹೊಸಬಳು. ಹತ್ತಿ, ಬ್ಯಾಂಡೇಜಿನ ಡಬ್ಬವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಕಣ್ಣು ದೊಡ್ಡವು; ಅಳುವ ಕಣ್ಣಲ್ಲ, ಅತ್ತು ಮುಗಿಸಿದ ಕಣ್ಣು.

"ಪಿನ್ನಕ್ಕನಿಗೆ ಜ್ವರ ಇಳೀತಾ?" ಎಂದು ಮಾತ್ರ ಕೇಳಿದಳು.

"ಜ್ವರ ಇಳೀತು. ಬೆರಳು ಹೋಯ್ತು. ಖುಷಿನಾ?"

ಸಿಸ್ಟರ್ ಡಬ್ಬದ ಸಮೇತ ಒಳಗೆ ಹೋದಳು. ಜಗಳಕ್ಕೆ ಬಂದವಳಿಗೆ ಜಗಳ ಸಿಗದಿದ್ದರೆ ಮೈಯೆಲ್ಲ ಉರಿಯುತ್ತದೆ. ಗುಡುಗು ಆ ದಿನ ಡೈರಿಯಲ್ಲಿ ಕ್ಯಾನುಗಳನ್ನು ಇಳಿಸಲಿಲ್ಲ, ಎಸೆದಳು.

ಪಿನ್ನಕ್ಕ ಊರಿನ ಟೈಲರ್. ಬಾಯಲ್ಲಿ ಸದಾ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದುದರಿಂದ ಆ ಹೆಸರು. ಹುಟ್ಟಿದಾಗ ಗಂಡೆಂದು ಬರೆಸಿಕೊಂಡು, ಬುದ್ಧಿ ಬಂದಾಗಿನಿಂದ ಹೆಣ್ಣಾಗಿ ಬದುಕಿದವಳು. ಅರ್ಧ ಊರಿನ ಮಕ್ಕಳ ಯೂನಿಫಾರ್ಮ್ ಅವಳ ಕೈಯಿಂದಲೇ ಆಗಬೇಕು. ಮಷಿನ್ನಿನ ಸೂಜಿ ತೋರುಬೆರಳಿಗೆ ಹೊಕ್ಕು, ಕೀವು ಕಟ್ಟಿ, ಮೊಣಕೈವರೆಗೆ ಊದಿಕೊಂಡು ಅವಳು ಆರೋಗ್ಯ ಕೇಂದ್ರಕ್ಕೆ ಬಂದಾಗ ಡಾಕ್ಟರು ನಕ್ಕಿದ್ದರು. "ಗಂಡಸರ ಸಾಲಾ, ಹೆಂಗಸರ ಸಾಲಾ? ಮೊದಲು ತೀರ್ಮಾನ ಮಾಡ್ಕೊಂಡು ಬಾ." ಸಾಲಿನಲ್ಲಿದ್ದವರೂ ನಕ್ಕರು. ಬಾಗಿಲು ಬಿತ್ತು. ಅವಳು ಹೊರಗಿನ ಬೆಂಚಿನ ಮೇಲೆ ನಡುಗುತ್ತ ಬಿದ್ದಿದ್ದಳು. ಪಟ್ಟಣದ ದೊಡ್ಡಾಸ್ಪತ್ರೆ ಸೇರುವ ಹೊತ್ತಿಗೆ ತಡವಾಗಿತ್ತು. ಕೈ ಉಳಿಸಬೇಕೆಂದರೆ ಬೆರಳು ತೆಗೆಯಬೇಕು ಎಂದರು.

ಬಟ್ಟೆ ಹೊಲಿದು ಬದುಕುವವಳ ತೋರುಬೆರಳು! ಆಮೇಲೆ ಡಾಕ್ಟರು ಊರೆಲ್ಲ ಹೇಳಿಕೊಂಡು ಬಂದದ್ದು ಇಷ್ಟೇ: "ನನಗೇನೂ ಗೊತ್ತಿಲ್ಲ, ಹೊಸ ನರ್ಸು ಬಾಗಿಲು ಹಾಕಿಬಿಟ್ಟಿದ್ದಾಳೆ."

ಆ ತಿಂಗಳು ಪಟ್ಟಣದಿಂದ ಒಬ್ಬ ನಿವೃತ್ತ ಮೇಷ್ಟ್ರು ಪ್ರತಿ ಭಾನುವಾರ ಬಸ್ಸಿನಲ್ಲಿ ಬರುತ್ತಿದ್ದರು. ತಮ್ಮ ಗೆಳೆಯನೊಂದಿಗೆ ಒಂದೇ ಮನೆಯಲ್ಲಿ ಬಾಳಿ ತಲೆ ಹಣ್ಣಾದವರು. ಸುತ್ತಲ ಹಳ್ಳಿಗಳ ಕ್ವೀರ್ ಜನರಿಗೆ, ಅಂದರೆ ತಮ್ಮಂಥವರಿಗೂ ಪಿನ್ನಕ್ಕನಂಥವರಿಗೂ, ಮುಂದಾಳತ್ವದ ತರಬೇತಿ ಕೊಡುವುದು ಅವರ ಕೆಲಸ. ಸಭೆಯಲ್ಲಿ ಎದ್ದು ನಿಲ್ಲುವುದು ಹೇಗೆ, ಅರ್ಜಿಗೆ ಉತ್ತರ ಬರದಿದ್ದರೆ ಯಾರನ್ನು ಹಿಡಿಯಬೇಕು, ಇಂಥವು. ಊರಿನ ಸಭಾಂಗಣ ಕೇಳಿದರೆ ಅದರ ಕಾವಲುಗಾರ, "ಕಂಪ್ಯೂಟರ್ ಕ್ಲಾಸಿಗಾದ್ರೆ ಕೊಡಬಹುದು, ನಿಮ್ಮಂಥವರ ಕ್ಲಾಸಿಗೆ ಆಗಲ್ಲ" ಎಂದ. ಹಾಗಾಗಿ ಡೈರಿಯ ಹಿಂದಿನ ಗೋದಾಮೇ ಗತಿ.

ಆ ಭಾನುವಾರ ಗೋದಾಮಿನ ಬಾಗಿಲಲ್ಲಿ ಸಿಸ್ಟರ್ ಕಾಣಿಸಿಕೊಂಡಳು. ಗುಡುಗು ಎರಡೂ ಕೈ ಚಾಚಿ ಅಡ್ಡ ನಿಂತಳು.

"ಯಾರ್ಯಾರು ಬಂದಿದ್ದಾರೆ ಅಂತ ನೋಡ್ಕೊಂಡು ಹೋಗಿ ಡಾಕ್ಟರಿಗೆ ಹೇಳೋಕಾ?"

"ನಾನು ಕ್ಲಾಸಿಗೆ ಬಂದೆ."

"ಇದು ನಮ್ಮಂಥವರ ಕ್ಲಾಸು."

"ಗೊತ್ತು," ಎಂದಳು ಸಿಸ್ಟರ್. "ಅದಕ್ಕೇ ಬಂದೆ."

ಗುಡುಗು ಆಗಲೂ ಕೈ ಇಳಿಸಲಿಲ್ಲ. ಒಳಗಿನಿಂದ ಪಿನ್ನಕ್ಕ ಕೂಗಿದಳು: "ಬಿಡೇ ಒಳಗೆ ಅವಳನ್ನ! ಆಂಬುಲೆನ್ಸಿಗೆ ಫೋನ್ ಮಾಡಿದ್ದು ಅವಳೇ. ದಾರಿಯುದ್ದಕ್ಕೂ ನನ್ನ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೂ ಅವಳೇ. ಬಾಗಿಲು ಹಾಕಿದ್ದು ಆ ಡಾಕ್ಟರು, ನಾನೇ ಕಣ್ಣಾರೆ ಕಂಡಿದೀನಿ. ನೀನು ಕೇಳೋ ಮೊದಲೇ ಕೂಗಾಡ್ಕೊಂಡು ಹೋದ್ರೆ ಯಾರು ಹೇಳ್ತಾರೆ ನಿಂಗೆ?"

ಗುಡುಗಿನ ಚಾಚಿದ ಕೈ ತಾನಾಗಿ ಕೆಳಗಿಳಿಯಿತು. ಸಿಸ್ಟರ್ ಅವಳನ್ನು ಹಾದು ಒಳಗೆ ಹೋಗುವಾಗ ಭುಜಕ್ಕೆ ಭುಜ ತಗಲಿತು. ಡೆಟ್ಟಾಲಿನ ವಾಸನೆ, ಅದರಡಿಯಲ್ಲಿ ಸೋಪಿನ ವಾಸನೆ. ಗುಡುಗು ಇಡೀ ಕ್ಲಾಸು ಕತ್ತು ಬಗ್ಗಿಸಿಕೊಂಡೇ ಕೂತಳು. ಒಮ್ಮೆ ಕದ್ದು ನೋಡಿದರೆ, ಸಿಸ್ಟರ್ ಅವಳನ್ನೇ ನೋಡುತ್ತಿದ್ದಳು. ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಗು.

ಮುಂದಿನ ಗ್ರಾಮಸಭೆಯಲ್ಲಿ ಪಿನ್ನಕ್ಕನ ವಿಷಯ ಎತ್ತಬೇಕೆಂದು ತೀರ್ಮಾನವಾಯಿತು; ಅದರ ಅಭ್ಯಾಸಕ್ಕೆ ಮೇಷ್ಟ್ರು ಅವರಿಬ್ಬರನ್ನೇ ಜೋಡಿ ಮಾಡಿದರು.

"ಏನಾಯ್ತು, ಯಾರಿಂದ ಆಯ್ತು, ನಮಗೇನು ಬೇಕು. ಮೂರೇ ವಿಷಯ. ಒಬ್ಬಳು ಕಿರುಚ್ತಾಳೆ, ವಿಷಯ ಇಲ್ಲ. ಇನ್ನೊಬ್ಬಳ ಹತ್ರ ವಿಷಯ ಇದೆ, ದನಿ ಇಲ್ಲ. ಅದಲುಬದಲು ಮಾಡ್ಕೊಳ್ಳಿ."

"ಸಾರ್, ಸಭೆಯಲ್ಲಿ ನೀವೇ ಮಾತಾಡಿಬಿಡಿ. ನೀವು ಓದಿದವರು," ಎಂದಳು ಗುಡುಗು.

"ನಾನು ಸಂಜೆ ಬಸ್ಸು ಹತ್ತಿ ಹೋಗೋನು. ನಾಳೆ ಬೆಳಿಗ್ಗೆ ಇದೇ ರಸ್ತೆಯಲ್ಲಿ ಓಡಾಡೋರು ನೀವು. ನಾನು ಮಾತಾಡಿದ್ರೆ 'ಹೊರಗಿನವನು ಬಂದು ತಲೆ ಕೆಡಿಸಿದ' ಅಂತಾರೆ. ನೀವು ಮಾತಾಡಿದ್ರೆ ಉತ್ತರ ಕೊಡಬೇಕಾಗುತ್ತೆ."

ಅಭ್ಯಾಸಕ್ಕೆ ಜಾಗವೆಂದರೆ ವ್ಯಾನು. ಹಾಲು ಇಳಿಸಿ ವಾಪಸಾಗುವ ದಾರಿಯಲ್ಲಿ ಗುಡುಗು ಸಿಸ್ಟರನ್ನು ಕ್ವಾರ್ಟರ್ಸಿನ ಹತ್ತಿರ ಹತ್ತಿಸಿಕೊಳ್ಳುತ್ತಿದ್ದಳು. ಕೆರೆಯ ಪಕ್ಕ ಗಾಡಿ ನಿಲ್ಲಿಸಿ ಇಂಜಿನ್ ಓಡಲು ಬಿಡುತ್ತಿದ್ದಳು. ಆ ಸದ್ದನ್ನು ಮೀರಿ ಸಿಸ್ಟರ್ ಮಾತಾಡಬೇಕು.

"ಏನಂದ್ರಿ? ಕೇಳಿಸ್ಲಿಲ್ಲ!"

"ಸೋಂಕು ಹರಡೋಕೆ ಮೊದಲೇ..."

"ಏನು ಗೊಣಗ್ತಿದ್ದೀರಿ? ಇನ್ನೂ ಜೋರಾಗಿ!"

"ಗಾಡಿ ಆಫ್ ಮಾಡಿ, ಹೇಳ್ತೀನಿ!"

"ಸಭೆಯಲ್ಲಿ ಜನರನ್ನ ಆಫ್ ಮಾಡೋಕಾಗುತ್ತಾ? ಹೇಳ್ರೀ!"

ಸಿಸ್ಟರಿಗೆ ರೇಗಿತು. ಸೀಟಿನ ಮೇಲೆ ತಿರುಗಿ ಕೂತು, ಮುಷ್ಟಿ ಕಟ್ಟಿ, ಉಸಿರು ತುಂಬಿಕೊಂಡು ಅರಚಿದಳು. ಗುಡುಗು ಕನಿಕರಪಟ್ಟು ಕೀಲಿ ತಿರುಗಿಸಿದ್ದೂ ಅದೇ ಕ್ಷಣ.

"ನೀವು ಬೈಯುವಾಗ ತುಂಬಾ ಚೆನ್ನಾಗಿ ಕಾಣ್ತೀರಿ!"

ಸದ್ದು ಸತ್ತ ಗಾಡಿಯಲ್ಲಿ ಆ ಮಾತು ಖಾಲಿ ಕ್ಯಾನುಗಳಿಗೆಲ್ಲ ಬಡಿದು ಬಂತು. ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು. ಸಿಸ್ಟರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಕೆಂಪಾದ ಕೆನ್ನೆ ಕಾಣುತ್ತಿತ್ತು.

"ಇದು ಮೂರು ವಿಷಯದಲ್ಲಿ ಯಾವುದು?" ಎಂದು ಕೇಳಿದ ಗುಡುಗಿನ ದನಿ ಯಾಕೋ ತೀರಾ ಸಣ್ಣಗಾಗಿತ್ತು.

ಮರುದಿನ ಅದೇ ಸೀಟಿನಲ್ಲಿ ಸಿಸ್ಟರ್ ಉಳಿದದ್ದನ್ನೂ ಹೇಳಿದಳು. ಹಿಂದಿನ ಊರಿನಲ್ಲಿ ಒಬ್ಬಳನ್ನು ಪ್ರೀತಿಸಿದ್ದಳು. ಆ ಹುಡುಗಿಗೆ ಬೇರೆ ಕಡೆ ಮದುವೆಯಾಯಿತು. ಮೊಬೈಲಿನಲ್ಲಿ ಉಳಿದಿದ್ದ ಇಬ್ಬರ ಫೋಟೋ ಡಾಕ್ಟರ ಕಣ್ಣಿಗೆ ಬಿದ್ದಿತ್ತು. ಪಿನ್ನಕ್ಕನಿಗೆ ಬಾಗಿಲು ತೆಗೆಯಲು ಹೋದವಳ ಕೈ ಹಿಡಿದೆಳೆದು ಅವರು ಹೇಳಿದ್ದರು: "ಬಾಯಿ ಮುಚ್ಕೊಂಡಿರು. ನಿಮ್ಮಪ್ಪನ ನಂಬರ್ ನನ್ನ ಹತ್ರ ಇದೆ."

ಗುಡುಗು ಕೀಲಿಗೆ ಕೈ ಹಾಕಿದಳು. "ಈಗಲೇ ಹೋಗೋಣ. ಆ ಮನುಷ್ಯನ ಕಾರಿಗೆ ಈ ಗಾಡಿ ಗುದ್ದಿಸ್ತೀನಿ."

ಸಿಸ್ಟರ್ ಆ ಕೈ ಮೇಲೆ ಕೈಯಿಟ್ಟಳು. "ನಿಮ್ಮ ಸಿಟ್ಟು ನಂಗೆ ಬೇಕು. ಅದು ಪಕ್ಕದಲ್ಲಿದ್ರೆ ಧೈರ್ಯ ಬರುತ್ತೆ. ಆದ್ರೆ ನನ್ನ ಮಾತು ನೀವು ಆಡೋದು ಬೇಡ."

ಅವಳು ಕೈ ತೆಗೆಯಲಿಲ್ಲ. ಇವಳೂ ಕೀಲಿ ತಿರುಗಿಸಲಿಲ್ಲ.

ಸಭೆಯ ದಿನ ಊರಿಗೆ ಊರೇ ಸೇರಿತ್ತು. ನೀರು, ರಸ್ತೆ, ದೀಪದ ಕಂಬ ಎಲ್ಲ ಮುಗಿದ ಮೇಲೆ ಪಿನ್ನಕ್ಕ ಎದ್ದು ನಿಂತು ಕೈ ಎತ್ತಿದಳು. ತೋರುಬೆರಳಿಲ್ಲದ ಕೈ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ನಗ್ರಪ್ಪಾ, ನಗಿ," ಎಂದಳು ಪಿನ್ನಕ್ಕ. "ನೀವು ಹಾಕ್ಕೊಂಡಿರೋ ಪ್ಯಾಂಟು ಹೊಲಿದ ಬೆರಳೇ ಹೋಗಿದ್ದು. ಜ್ವರದಲ್ಲಿ ಬಂದವಳನ್ನ ಡಾಕ್ಟರು ಒಳಗೆ ಬಿಡಲಿಲ್ಲ. ನನ್ನ ಬೆರಳಿಗೆ ಉತ್ತರ ಕೊಡಿ. ಇನ್ನು ಮುಂದೆ ಯಾರು ಬಂದ್ರೂ, ಎಂಥವರು ಬಂದ್ರೂ ಚಿಕಿತ್ಸೆ ಕೊಡ್ತೀವಿ ಅಂತ ಇಲ್ಲೇ, ಎಲ್ಲರೆದುರು ಹೇಳಿ. ಅಷ್ಟೇ ನಾನು ಕೇಳೋದು."

ಪಂಚಾಯ್ತಿ ಅಧ್ಯಕ್ಷರು ಪಕ್ಕದ ಕುರ್ಚಿಯಲ್ಲಿದ್ದ ಡಾಕ್ಟರ ಕಡೆ ನೋಡಿ ಕನ್ನಡಕ ಒರೆಸಿಕೊಂಡರು. "ಅದು ನರ್ಸಮ್ಮನ ತಪ್ಪು ಅಂತ ಡಾಕ್ಟರು ಹೇಳಿದ್ದಾರಲ್ಲ. ನೋಡಿದವರು ಯಾರಾದ್ರೂ ಇದ್ದಾರಾ?"

ಆ ದಿನ ಸಾಲಿನಲ್ಲಿ ನಿಂತು ನಕ್ಕವರು ಅಲ್ಲೇ ಇದ್ದರು. ಒಬ್ಬರಾದರೂ ಬಾಯಿ ಬಿಡಬೇಕಲ್ಲ! ಕೆಲವರು ಕಾಲ ಹೆಬ್ಬೆರಳು ನೋಡಿಕೊಂಡರು. ಗುಡುಗಿನ ಗಂಟಲಿಗೆ ಕೂಗು ಬಂದು ನಿಂತಿತು. ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದು ಅದನ್ನು ನುಂಗಿದಳು. ಬಾಯಿ ಮುಚ್ಚಿ ಕೂರುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

"ನಾನು ನೋಡಿದೀನಿ," ಎಂದಿತು ಪಕ್ಕದ ದನಿ.

ಸಿಸ್ಟರ್ ಎದ್ದಿದ್ದಳು. ಏನಾಯಿತೆಂದು ಹೇಳಿದಳು, ಯಾರಿಂದ ಆಯಿತೆಂದು ಹೇಳಿದಳು. ದನಿ ನಡುಗಿತು, ಆದರೆ ಹಿಂದಿನ ಗೋಡೆಯವರೆಗೂ ಹೋಯಿತು.

ಡಾಕ್ಟರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಇವಳು ಎಂಥವಳು ಗೊತ್ತಾ ನಿಮಗೆ? ಇವಳ ಮೊಬೈಲಲ್ಲಿ..."

"ಹುಡುಗಿಯ ಫೋಟೋ ಇತ್ತು," ಎಂದಳು ಸಿಸ್ಟರ್. "ನಾನು ಪ್ರೀತಿಸಿದ ಹುಡುಗಿ. ಅಪ್ಪನಿಗೆ ಫೋನ್ ಮಾಡೋ ತೊಂದರೆ ತಗೋಬೇಡಿ ಡಾಕ್ಟರೇ. ಬೆಳಿಗ್ಗೆ ನಾನೇ ಮಾಡಿ ಹೇಳಿದೆ. ಅವರು ಮಾತಾಡದೆ ಫೋನ್ ಇಟ್ರು. ನನ್ನನ್ನ ಹೆದರಿಸೋಕೆ ಈಗ ನಿಮ್ಮ ಹತ್ರ ಏನೂ ಉಳಿದಿಲ್ಲ. ಇವರ ಬೆರಳಿಗೆ ಉತ್ತರ ಕೊಡಿ."

ಆಗ ಮುಂದಿನ ಸಾಲಿನ ಒಬ್ಬ ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದಳು. "ನಾನೂ ಸಾಲಲ್ಲಿದ್ದೆ. ಬಾಗಿಲು ಹಾಕಿದ್ದು ಡಾಕ್ಟರೇ. ಈ ಕೂಸು ತೆಗೀಲಿಕ್ಕೆ ಬಂದಿದ್ದು ನಿಜ." ಆಮೇಲೆ ಇನ್ನೊಬ್ಬರು. ಆಮೇಲೆ ಗದ್ದಲ.

ವಿಚಾರಣೆ ನಡೆಯಿತು. ಡಾಕ್ಟರ ತಪ್ಪು ಸಾಬೀತಾಯಿತು. ಶಿಕ್ಷೆ? ವರ್ಗಾವಣೆ! ಕೊಳೆತದ್ದನ್ನು ನಮ್ಮ ಅಂಗಳದಿಂದ ಗುಡಿಸಿ ಪಕ್ಕದವರ ಅಂಗಳಕ್ಕೆ ಹಾಕಿದ ಹಾಗೆ. ಘಟ್ಟದಾಚೆಯ ಹಳ್ಳಿಯವರು ಏನು ಪಾಪ ಮಾಡಿದ್ದರೋ? ಸಿಸ್ಟರಿಗೂ "ಶಿಸ್ತು ಮೀರಿದ್ದಕ್ಕೆ" ಒಂದು ಎಚ್ಚರಿಕೆ ಬಂತು. ಬೆರಳು ಕಳೆದುಕೊಂಡವಳಿಗೆ ಒಂದು ಕ್ಷಮೆಯ ಮಾತೂ ಬರಲಿಲ್ಲ.

"ಇಷ್ಟಕ್ಕೆ ಇಷ್ಟೆಲ್ಲ ಮಾಡಿದ್ವಾ?" ಎಂದು ಗುಡುಗು ಗೋದಾಮಿನ ಗೋಡೆಗೆ ಗುದ್ದಿದಳು.

ಪಿನ್ನಕ್ಕ ಉಳಿದ ಬೆರಳುಗಳಿಂದ ಸೂಜಿಗೆ ದಾರ ಪೋಣಿಸಲು ಕಲಿಯುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಹಾಗಾದ್ರೆ ಇನ್ನೂ ಮಾಡೋಣ. ಅವನು ಹೋದ ಊರಿಗೆ ಹೋಗಿ. ಅಲ್ಲೂ ನಮ್ಮಂಥವರು ಇರ್ತಾರೆ, ಅವರಿಗೆ ಗೊತ್ತಾಗಲಿ. ನಿಮ್ಮಿಬ್ಬರ ಹತ್ರ ಗಾಡಿ ಇದೆ, ಬಾಯಿನೂ ಇದೆ."

ರಜೆಯ ದಿನ ನೋಡಿ ಇಬ್ಬರೂ ಹೊರಟರು. ಘಟ್ಟದ ತಿರುವುಗಳಲ್ಲಿ ಸಿಸ್ಟರ್ ಅಪ್ಪನ ಬಗ್ಗೆ ಮಾತಾಡಿದಳು, ಸ್ವಲ್ಪ ಅತ್ತಳು. ಗುಡುಗು ಗಾಡಿಯ ವೇಗ ಕಡಿಮೆ ಮಾಡಿದಳು. ಗೇರ್ ಬದಲಿಸುವಾಗಲೆಲ್ಲ ಅವಳ ಮೊಣಕಾಲನ್ನು ಮೆಲ್ಲಗೆ ತಟ್ಟಿದಳು. ಆ ದಾರಿಯಲ್ಲಿ ಗೇರ್ ತುಂಬಾ ಸಲ ಬದಲಿಸಬೇಕಿತ್ತು. ಕೆಲವು ಸಲ ಬದಲಿಸಬೇಕಾಗಿರಲೂ ಇಲ್ಲ.

"ರಸ್ತೆ ಸಪಾಟಾಗಿದೆ ಈಗ," ಎಂದಳು ಸಿಸ್ಟರ್, ಕಣ್ಣೊರೆಸಿಕೊಂಡು.

"ಗಾಡಿ ಹಳೇದು. ನಿಮಗೆ ಗೊತ್ತಾಗಲ್ಲ."

ಆ ಹಳ್ಳಿಯ ಮೊದಲ ಮನೆಯ ಜಗಲಿಯ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ಕಾಳು ಆರಿಸುತ್ತಿದ್ದಳು. ಆರೋಗ್ಯ ಕೇಂದ್ರದ ಹೊಸ ಡಾಕ್ಟರ ವಿಷಯ ಮಾತಾಡಲು ಬಂದಿದ್ದೇವೆ ಎಂದಾಗ ಅವಳು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಒಬ್ಬಳ ಪ್ಯಾಂಟಿಗೆ ಗ್ರೀಸು, ಇನ್ನೊಬ್ಬಳ ಕಣ್ಣು ಕೆಂಪು.

"ಅಕ್ಕತಂಗಿಯರಾ? ಇವರು ನಿಮಗೆ ಏನಾಗ್ಬೇಕು?"

ಗುಡುಗು ಬಾಯಿ ತೆರೆದಳು. ಸ್ನೇಹಿತೆ ಎನ್ನಲೇ, ಜೊತೆ ಕೆಲಸ ಮಾಡುವವರು ಎನ್ನಲೇ? ಜೀವಮಾನದಲ್ಲಿ ಮೊದಲ ಬಾರಿಗೆ ಅವಳಿಗೆ ಮಾತು ಕೈಕೊಟ್ಟಿತು.

"ಅಕ್ಕತಂಗಿಯರಲ್ಲ," ಎಂದಳು ಸಿಸ್ಟರ್ ನಿಧಾನವಾಗಿ. "ಇವಳು ನನ್ನವಳು. ನಾನಿನ್ನೂ ಇವಳಿಗೇ ಹೇಳಿರಲಿಲ್ಲ. ನೀವು ಕೇಳಿದ್ದು ಒಳ್ಳೇದಾಯ್ತು."

ಹೆಂಗಸಿನ ಕೈಯಲ್ಲಿ ಕಾಳು ಹಾಗೇ ನಿಂತಿತು. ಅವಳು ಇವಳನ್ನು ನೋಡಿದಳು, ಅವಳನ್ನು ನೋಡಿದಳು, ಗುಡುಗಿನ ಕೆಂಪಗಾದ ಕಿವಿಯನ್ನೂ ನೋಡಿದಳು. ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿ ಜಗಲಿಯ ಮೇಲೆ ಜಾಗ ಮಾಡಿದಳು.

"ಕೂತ್ಕೊಳ್ಳಿ. ಡಾಕ್ಟರ ವಿಷಯ ಏನೋ ಅಂದ್ರಲ್ಲ?"

ಗುಡುಗು ಕೂತಳು. ಸಿಸ್ಟರ್ ಒತ್ತಿಕೊಂಡು ಪಕ್ಕದಲ್ಲೇ ಕೂತು ಮೊಣಕೈಯಿಂದ ತಿವಿದಳು.

"ಹೇಳು," ಎಂದಳು ಮೆಲ್ಲಗೆ.

ಗುಡುಗು ಉಸಿರೆಳೆದುಕೊಂಡು ಶುರು ಮಾಡಿದಳು. "ನಮ್ಮೂರಲ್ಲಿ ಒಬ್ಬರು ಟೈಲರ್ ಇದ್ದಾರಮ್ಮ..."