ಹನ್ನೆರಡನೆಯ ಜೀವ

ಮೂವತ್ತೊಂದು ಚೀಟಿ ಕೊಟ್ಟು ಬರೀ ನಾಲ್ಕು ಚೀಟಿ ಇಸಿದುಕೊಂಡವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಜೀವದಣ್ಣನಿಗೆ ಧಾರಾಳವಾಗಿ ಉರಿಯುತ್ತಿತ್ತು.

ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಅವನು ಏಜೆಂಟಾಗಿದ್ದ ಜೀವವಿಮೆಯ ಕಚೇರಿ, ಕೆಳಗೆ ಮನೆಗಳಿಗೂ ಅಂಗಡಿಗಳಿಗೂ ವಿಮೆ ಮಾಡುವ ಬೇರೊಂದು ಕಂಪನಿ. ಎರಡೂ ಕಡೆಯ ಮ್ಯಾನೇಜರುಗಳು ಒಂದು ದಿನ ಮೆಟ್ಟಿಲ ಮೇಲೆ ಕೈ ಕುಲುಕಿ ಹೊಸ ಪದ್ಧತಿ ತಂದರು. ಮೇಲೆ ಜೀವಕ್ಕೆ ವಿಮೆ ಮಾಡಿಸಿದವರ ಹೆಸರು, ವಿಳಾಸ ಬರೆದ ಚೀಟಿ ಅದೇ ದಿನ ಕೆಳಗಿಳಿಯಬೇಕು. ಕೆಳಗೆ ಮನೆಗೆ ವಿಮೆ ಮಾಡಿಸಿದವರ ಚೀಟಿ ಮೇಲೆ ಹತ್ತಬೇಕು. ಒಬ್ಬ ಏಜೆಂಟಿಗೆ ಒಬ್ಬ ಜೋಡಿ, ಪ್ರತಿ ಚೀಟಿಗೂ ಭೇಟಿಯ ವರದಿ ಮ್ಯಾನೇಜರಿಗೆ. ಹಾಗೆ ಅವನು ಜೀವದಣ್ಣನಾದ, ಅವನ ಜೋಡಿಯಾಗಿ ಸಿಕ್ಕ ಹೆಂಗಸು ಮನೆಯಮ್ಮನಾದಳು. ಎದುರಿನ ಟೀ ಅಂಗಡಿಯವನಂತೂ ಅವಳು ರಸ್ತೆ ದಾಟುವುದು ಕಂಡರೆ ಸಾಕು, "ಜೀವದಣ್ಣಾ, ನಿಮ್ಮ ಮನೆಯವರು ಬಂದ್ರು!" ಎಂದು ಕೂಗುತ್ತಿದ್ದ. ಅವನಿಗೆ ಮದುವೆಯೇ ಆಗಿರಲಿಲ್ಲ. ಅವಳ ಗಂಡ ಗಟ್ಟಿಮುಟ್ಟಾಗಿದ್ದ.

ಪದ್ಧತಿಯೇನೋ ಚೆನ್ನಾಗಿಯೇ ಇತ್ತು. ಆದರೆ ಮನೆಯಮ್ಮನಿಗೆ ಒಬ್ಬ ಭಾವನಿದ್ದ, ಅವನೂ ಇನ್ನೊಂದು ಕಂಪನಿಯ ಜೀವವಿಮೆ ಏಜೆಂಟು. ಒಳ್ಳೆಯ ಹೆಸರುಗಳೆಲ್ಲ ಅವನ ಜೇಬಿಗೆ ಹೋಗಿ, ಜೀವದಣ್ಣನ ಮೇಜಿಗೆ ಎಂಬತ್ತು ದಾಟಿದ ಮುದುಕರು, ನಾಲ್ಕು ಕಂಪನಿಗಳು ಬೇಡವೆಂದ ಹೃದ್ರೋಗಿಗಳು ಬರುತ್ತಿದ್ದರು. ಕೇಳಿದರೆ, "ಅಯ್ಯೋ ಅಣ್ಣಾ, ಸಿಕ್ಕಿದ್ದನ್ನೇ ತಾನೆ ಕೊಡೋದು" ಎನ್ನುತ್ತಿದ್ದಳು.

ವರ್ಷಕ್ಕೆ ಹನ್ನೆರಡು ಜೀವ ತರದಿದ್ದರೆ ಏಜೆನ್ಸಿ ಹೋಗುತ್ತದೆ. ಅದು ಹೋದರೆ ಇಪ್ಪತ್ತು ವರ್ಷ ಮನೆಮನೆ ಅಲೆದದ್ದೆಲ್ಲ ನೀರಿನಲ್ಲಿ ಹೋಮ. ಆ ವರ್ಷ ಮುಗಿಯಲು ಮೂರು ದಿನವಿದ್ದಾಗ ಅವನ ಬಳಿ ಹನ್ನೊಂದಿದ್ದವು. ಹನ್ನೆರಡನೆಯದು ಎಲ್ಲಿಂದಲೂ ಬರುವ ಹಾಗಿರಲಿಲ್ಲ. ಬಾರದ ಮೇಲೆ ತಾನೇ ಒಬ್ಬನನ್ನು ಹುಟ್ಟಿಸಿದ.

ಹುಟ್ಟಿಸುವುದರಲ್ಲಿ ಅವನು ಅವಸರ ಮಾಡಲಿಲ್ಲ. ಬಟ್ಟೆ ಗೋದಾಮುಗಳ ಹಿಂದೆ ಮೂರು ಮಹಡಿಯ ಹಳೆಯ ಕಟ್ಟಡವೊಂದಿತ್ತು. ಮೇಲಿನ ಮನೆಗೆ ಬೀಗ ಬಿದ್ದು ವರ್ಷಗಳಾಗಿದ್ದವು, ಅದರ ವಾರಸುದಾರರು ಒಬ್ಬರ ಮುಖ ಒಬ್ಬರು ನೋಡದೆ ಕೋರ್ಟಿನಲ್ಲಿ ಕಾದಾಡುತ್ತಿದ್ದರು. ಆ ವಿಳಾಸ ಬರೆದ. ವಯಸ್ಸು ನಲವತ್ತಾರು, ಒಂಟಿ, ಊರೂರು ತಿರುಗಿ ಹಳೆಯ ಯಂತ್ರದ ಬಿಡಿಭಾಗ ಮಾರುವವನು, ಫೋನಿಲ್ಲ, ಮನೆಯಲ್ಲಿ ಸಿಗುವುದು ಅಪರೂಪ. ಮೊತ್ತ ಸಣ್ಣದಾದರೆ ಕಂಪನಿ ಡಾಕ್ಟರ ತಪಾಸಣೆ ಕೇಳುವುದಿಲ್ಲ, ಆದ್ದರಿಂದ ಮೊತ್ತವನ್ನು ಆ ಮಿತಿಗೆ ಒಂದು ಮೆಟ್ಟಿಲು ಕೆಳಗೇ ನಿಲ್ಲಿಸಿದ. ಫೋಟೋ ಸ್ಟುಡಿಯೋದವನು ಗಿರಾಕಿ ಬಾರದೆ ಉಳಿದ ಚಿತ್ರಗಳನ್ನು ಡಬ್ಬಿಯಲ್ಲಿ ಇಟ್ಟಿದ್ದ. ಅದರಲ್ಲಿ ಒಮ್ಮೆ ನೋಡಿದರೆ ಮರೆತೇ ಹೋಗುವಂಥ ಮುಖವೊಂದನ್ನು ಹುಡುಕಿ ತೆಗೆದ. ನಾಮಿನಿಯ ಅಂಕಣ ಖಾಲಿ ಬಿಡುವಂತಿರಲಿಲ್ಲ. ಅಲ್ಲಿ ತನ್ನ ಅಕ್ಕನ ಹೆಸರು ಬರೆದು, ಸಂಬಂಧದ ಜಾಗದಲ್ಲಿ 'ಸೋದರತ್ತೆಯ ಮಗಳು' ಎಂದು ತುಂಬಿಸಿದ. ಅಕ್ಕನ ಹೆಸರಿನ ಮುಂದೆ ಗಂಡನ ಮನೆತನದ ಹೆಸರಿತ್ತು, ಯಾರಿಗೂ ಅನುಮಾನ ಬರುವಂತಿರಲಿಲ್ಲ. ಕಾಗದದ ಮೇಲೆ ಆ ಆಸಾಮಿಗೂ ಒಂದು ಹೆಸರಿತ್ತು, ಆದರೆ ಜೀವದಣ್ಣ ಮನಸ್ಸಿನಲ್ಲಿ ಅವನನ್ನು ಕರೆದದ್ದು ಹನ್ನೆರಡನೆಯವನು ಎಂದೇ.

ಹನ್ನೆರಡು ಪಾಲಿಸಿಗೆ ಹನ್ನೊಂದೇ ಚೀಟಿ ಇಳಿದರೆ ಮ್ಯಾನೇಜರ ಕಣ್ಣಿಗೆ ಬೀಳುತ್ತಿತ್ತು. ಹಾಗಾಗಿ ಒಂಟಿ, ಫೋನಿಲ್ಲ, ಸಿಗುವುದು ಅಪರೂಪ ಎಂಬ ವಿವರಗಳ ಸಮೇತ ಅವನ ಚೀಟಿಯನ್ನೂ ಕೆಳಗೆ ಕೊಟ್ಟ. ಎರಡು ತಿಂಗಳಾದ ಮೇಲೆ ಟೀ ಅಂಗಡಿಯಲ್ಲಿ ಮನೆಯಮ್ಮ ತಾನಾಗಿಯೇ ಆ ಮಾತು ತೆಗೆದಳು.

"ಆ ಗೋದಾಮಿನ ಹಿಂದಿನವರ ಮನೆಗೆ ಹೋಗಿದ್ದೆ ಅಣ್ಣಾ. ಒಳ್ಳೇ ಮನುಷ್ಯ ಪಾಪ, ಮಾತು ಕಡಿಮೆ. ಯೋಚನೆ ಮಾಡಿ ಹೇಳ್ತೀನಿ ಅಂದ್ರು."

ಹುಟ್ಟದವನು ಮಾತಾಡಿದನೇ ಎಂದು ಜೀವದಣ್ಣ ಬೆಚ್ಚಿದ. ಮರುಕ್ಷಣವೇ ನಗು ಉಕ್ಕಿ ಬಂದು ಟೀ ನೆತ್ತಿಗೇರಿತು. ಮಂಡಿನೋವಿನವಳು, ಲಿಫ್ಟಿಲ್ಲದ ಮೂರು ಮಹಡಿ ಹತ್ತುವುದುಂಟೇ? ಹೋಗದೆಯೇ ಹೋದೆನೆಂದು ರೀಲು ಬಿಡುತ್ತಿದ್ದಾಳೆ. ಬಿಡಲಿ, ಕೇಳದೆಯೇ ಒಬ್ಬ ಸಾಕ್ಷಿ ಸಿಕ್ಕಳಲ್ಲ ಎಂದು ಅವತ್ತಿನ ಟೀಯನ್ನು ತಾನೇ ಕೊಡಿಸಿದ.

ಮೂರು ವರ್ಷ ಹನ್ನೆರಡನೆಯವನು ಸುಮ್ಮನೆ ಬದುಕಿದ್ದ. ಪಾಲಿಸಿ ನಿಂತುಹೋದರೆ ಯಾಕೆಂದು ಕೇಳುತ್ತಾರಲ್ಲ, ಅದಕ್ಕೇ ಅವನ ಕಂತನ್ನು ಜೀವದಣ್ಣ ತನ್ನ ಕೈಯಿಂದಲೇ ಕಟ್ಟಿದ. ಕಟ್ಟುವಾಗೆಲ್ಲ, "ನೀನೂ ಒಂದು ದಿನ ನನ್ನ ಕೈ ಹಿಡೀಬೇಕಪ್ಪ" ಎಂದು ತಮಾಷೆಗೆ ಹೇಳಿಕೊಳ್ಳುತ್ತಿದ್ದ.

ಆ ದಿನ ಅಕ್ಕನ ಕಣ್ಣಿನ ರೂಪದಲ್ಲಿ ಬಂತು.

ತಾಯಿ ಸತ್ತಾಗ ಅವನಿಗೆ ಏಳು ವರ್ಷ, ಅಕ್ಕನಿಗೆ ಹದಿನೇಳು. ಬಟ್ಟೆ ಹೊಲಿದು ಅವನನ್ನು ಸಾಕಿದವಳು, ಓದಿಸಿದವಳು. ಮದುವೆಯಾಗಿ ಹೋದರೂ, ಗಂಡ ತೀರಿಕೊಂಡು ಮರಳಿ ಬಂದರೂ ಹೊಲಿಗೆ ಯಂತ್ರ ಮಾತ್ರ ಅವಳ ಕಾಲಡಿಯೇ ಇತ್ತು. ಒಂದು ದಿನ ಅವಳು ಹೊಲಿದ ಅಂಗಿಯ ಎರಡು ತೋಳೂ ಒಂದೇ ಕಡೆಗೆ ಕೂತಿದ್ದವು. ಅಕ್ಕ ನಕ್ಕಳು, ಅವನೂ ನಕ್ಕ. ಮುಂದಿನ ವಾರ ಅವಳು ಸೂಜಿಗೆ ದಾರ ಪೋಣಿಸುವಾಗ ಕಣ್ಣು ಮುಚ್ಚಿಕೊಂಡಿದ್ದನ್ನು ಕಂಡ. ತೆರೆದಿಟ್ಟು ಪ್ರಯೋಜನವಿರಲಿಲ್ಲ.

ಎರಡು ತಿಂಗಳೊಳಗೆ ಎರಡೂ ಕಣ್ಣಿಗೆ ಆಪರೇಷನ್ ಆಗಬೇಕು, ಆಮೇಲೆ ಮಾಡಿದರೂ ಉಪಯೋಗವಿಲ್ಲ ಎಂದರು ಕಣ್ಣಿನ ಡಾಕ್ಟರು. ಜೀವದಣ್ಣ ಕೇಳಬೇಕಾದವರನ್ನೆಲ್ಲ ಕೇಳಿದ, ಕೇಳಬಾರದವರನ್ನೂ ಕೇಳಿದ. ಎಲ್ಲರೂ ಮರುಗಿದರು, ಯಾರೂ ಕೊಡಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಊರವರಿಗೆಲ್ಲ ನಾಳೆಯ ಭಯ ಹುಟ್ಟಿಸಿ ಬದುಕಿದವನು ಅಕ್ಕನ ಆರೋಗ್ಯಕ್ಕೆಂದು ಒಂದೇ ಒಂದು ಕಾಗದ ಮಾಡಿಸಿರಲಿಲ್ಲ. ಬಸ್ಸಿನಲ್ಲಿ ಕೂತು ಆ ಮಾತು ನೆನೆದು, ಪಕ್ಕದವರು ಏನೆಂದುಕೊಳ್ಳುತ್ತಾರೆಂಬ ಪರಿವೆಯೂ ಇಲ್ಲದೆ ಅತ್ತ.

ಅಳು ನಿಂತ ಮೇಲೆ ಲೆಕ್ಕ ಶುರುವಾಯಿತು. ಪಾಲಿಸಿಗೆ ಮೂರು ವರ್ಷ ದಾಟಿದರೆ ಅರ್ಜಿಯಲ್ಲಿ ಬರೆದದ್ದನ್ನು ಕಂಪನಿ ಕೆದಕುವುದಿಲ್ಲ. ಹನ್ನೆರಡನೆಯವನಿಗೆ ಮೂರು ದಾಟಿ ಮೇಲೆ ಮೂರು ತಿಂಗಳು ಕಳೆದಿತ್ತು. ದಾಟಿದ ಮರುದಿನವೇ ಸತ್ತರೆ ಯಾರಾದರೂ ಹುಬ್ಬೇರಿಸುತ್ತಾರೆ. ಎರಡು ತಿಂಗಳು ಬಿಟ್ಟು ಸಾಯುವುದು ಸಭ್ಯ ಮನುಷ್ಯನ ಲಕ್ಷಣ. ತಿಂಗಳ ಮೊದಲ ದಿನ, ಕೊನೆಯ ದಿನ ಬೇಡ, ಸುಳ್ಳು ಬರೆಯುವವರಿಗೆಲ್ಲ ಆ ತಾರೀಕುಗಳೇ ಮೊದಲು ಹೊಳೆಯುತ್ತವೆ. ಹಿಂದಿನ ತಿಂಗಳ ಹದಿನೆಂಟನ್ನು ಆರಿಸಿದ. ಊರು ದೂರದ್ದು, ಜಾಗ ಬಸ್ ನಿಲ್ದಾಣದ ಪಕ್ಕದ ವಸತಿಗೃಹ, ಕಾರಣ ಎದೆನೋವು. ಅಪಘಾತವೆಂದರೆ ಪೊಲೀಸರು ಬರುತ್ತಾರೆ, ಕಾಯಿಲೆಯೆಂದರೆ ಆಸ್ಪತ್ರೆಯ ಫೈಲು ಬೇಕಾಗುತ್ತದೆ, ಎದೆನೋವು ಯಾರನ್ನೂ ಏನೂ ಕೇಳುವುದಿಲ್ಲ. ಮರಣಪತ್ರ ಕೊಡಲು ಆ ಊರಿನ ಕಚೇರಿಯಲ್ಲಿ ಒಬ್ಬ ಗುಮಾಸ್ತನಿದ್ದ, ಕೈ ಬೆಚ್ಚಗಾದರೆ ಬದುಕಿದವರನ್ನೂ ಸಾಯಿಸಿಕೊಡುವ ಪೈಕಿ. ಹುಟ್ಟದವನನ್ನು ಸಾಯಿಸುವುದು ಅವನಿಗೆ ಇನ್ನೂ ಹಗುರ.

ಯಾರಿಗೂ ನೋವಿಲ್ಲ. ಯಾವ ಮನೆಯಲ್ಲೂ ಅಳುವಿಲ್ಲ. ಇಷ್ಟು ಶುದ್ಧವಾದ ಸಾವನ್ನು ಅವನು ತನ್ನ ಕಸುಬಿನಲ್ಲೇ ಕಂಡಿರಲಿಲ್ಲ.

ಉಳಿದದ್ದು ನಾಮಿನಿಯ ಸಹಿ. ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ ಮಧ್ಯಾಹ್ನ, ಹಾಸಿಗೆಯ ಪಕ್ಕದ ಪುಟ್ಟ ಮೇಜನ್ನು ಎಳೆದು ಕಾಗದ ಹರಡಿದ.

"ಏನೋ ಇದು?"

"ಆಸ್ಪತ್ರೆ ಕಾಗದ ಅಕ್ಕ. ಖರ್ಚು ಕಂಪನಿಯಿಂದ ಬರುತ್ತೆ."

"ಅಬ್ಬಾ, ನಿನ್ನ ಕಂಪನಿಯಿಂದ ಕೊನೆಗೂ ನಮಗೊಂದು ಉಪಕಾರ ಆಯ್ತು ನೋಡು. ಎಲ್ಲಿ ಹಾಕ್ಲಿ? ಬೆರಳಿಟ್ಟು ತೋರ್ಸು."

ಅವಳ ಬೆರಳು ಹಿಡಿದು ಗೆರೆಯ ಮೇಲಿಟ್ಟ. ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಬೆರಳು. ಅಕ್ಷರ ಕಲಿಸುವಾಗ ಅಕ್ಕ ಅವನ ಕೈ ಹಿಡಿದದ್ದೂ ಹೀಗೇ. ಓದದೆಯೇ, ಓದಲಾಗದೆಯೇ, ಐದು ಕಡೆ ಸಹಿ ಹಾಕಿದಳು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಕಣ್ಣು ಬಂದ ಮೇಲೆ ಎಲ್ಲ ಹೇಳಿ, ಬೈಸಿಕೊಂಡು, ಕಾಲಿಗೆ ಬೀಳುತ್ತೇನೆ ಎಂದು ಸಮಾಧಾನ ಮಾಡಿಕೊಂಡ.

ವಾರ ಕಳೆದು ಕಂಪನಿಯ ತನಿಖೆಯವನು ಕಚೇರಿಗೆ ಬಂದ. ನೆಗಡಿಯಿಂದ ಮೂಗು ಕೆಂಪಾಗಿದ್ದ ಸೌಮ್ಯ ಮನುಷ್ಯ, ಪ್ರತಿ ಪ್ರಶ್ನೆಗೂ ಮುಂಚೆ ಕ್ಷಮೆ ಕೇಳುವವನು. ಜೀವದಣ್ಣ ಮೂರು ದಿನದಿಂದ ಕನ್ನಡಿಯ ಮುಂದೆ ಉತ್ತರಗಳನ್ನು ಅಭ್ಯಾಸ ಮಾಡಿದ್ದ, ಬೇಕೆಂದೇ ಎರಡು ಕಡೆ "ನೆನಪಿಲ್ಲ ಸಾರ್" ಎಂದೂ ಸೇರಿಸಿದ್ದ. ಎಲ್ಲ ನೆನಪಿರುವವನನ್ನು ಯಾರೂ ನಂಬುವುದಿಲ್ಲ. ಮನೆಗೆ ಬೀಗವಿದೆಯಲ್ಲ? ಇದ್ದವನೊಬ್ಬನೇ ಸಾರ್, ಸತ್ತ ಮೇಲೆ ತೆಗೆಯೋರು ಯಾರು? ದಹನ ಎಲ್ಲಾಯಿತು? ಆ ಊರಲ್ಲೇ ಅಂತ ಕೇಳಿದೆ. ಬೆಣ್ಣೆಯಲ್ಲಿನ ಕೂದಲು ತೆಗೆದಂತೆ ಸಾಗಿತು. ಕೊನೆಗೆ ಅವನು ಕಾಯುತ್ತಿದ್ದ ಪ್ರಶ್ನೆ ಬಂತು.

"ತಪ್ಪು ತಿಳೀಬೇಡಿ. ಅವರನ್ನ ನೀವಲ್ಲದೆ ಬೇರೆ ಯಾರಾದ್ರೂ ನೋಡಿದ್ದಾರಾ?"

"ನೋಡದೆ ಏನು ಸಾರ್? ನಮ್ಮಲ್ಲಿ ಜೋಡಿ ಪದ್ಧತಿ ಇದೆ. ಕೆಳಗಡೆ ಮನೆ ವಿಮೆಯವರನ್ನ ಕೇಳಿ. ಆಕೆ ಅವರ ಮನೆಗೇ ಹೋಗಿ ಮಾತಾಡಿಸಿದ್ದಾರೆ."

ಮನೆಯಮ್ಮ ತನ್ನ ಸುಳ್ಳನ್ನು ಕಾಪಾಡಿಕೊಳ್ಳಲಿಕ್ಕಾದರೂ ಅವನ ಸುಳ್ಳಿಗೆ ಹೆಗಲು ಕೊಡಲೇಬೇಕು. ಮ್ಯಾನೇಜರಿಗೆ ಕೊಟ್ಟ ವರದಿಯಲ್ಲಿ ಭೇಟಿ ಮಾಡಿದೆನೆಂದು ಬರೆದವಳು ಈಗ ಇಲ್ಲವೆನ್ನುವುದು ಹೇಗೆ? ಮೂರು ವರ್ಷ ಅವಳಿಂದ ಕಸ ಹೆಕ್ಕಿದ್ದೆಲ್ಲ ಇವತ್ತು ಬಡ್ಡಿ ಸಮೇತ ತೀರಿತು ಎಂದುಕೊಂಡ. ತನಿಖೆಯವನು ಮೂಗೊರೆಸಿಕೊಂಡು ಮೆಟ್ಟಿಲಿಳಿದ.

ಅವನು ಇಳಿದದ್ದೇ ತಡ, ಜೀವದಣ್ಣ ಆಸ್ಪತ್ರೆಗೆ ಫೋನು ಮಾಡಿ ಸೋಮವಾರವೇ ಆಪರೇಷನ್ ಇಟ್ಟುಕೊಳ್ಳಿ ಎಂದ. ನರ್ಸು ಫೋನನ್ನು ಅಕ್ಕನ ಕೈಗೆ ಕೊಟ್ಟಳು.

"ನಿಜವಾಗ್ಲೂ ಸೋಮವಾರಾನೇನೋ? ನಿನ್ನ ಮುಖ ನೋಡಿ ಎಷ್ಟು ದಿನ ಆಯ್ತು. ಗಡ್ಡ ಕೆರೆದುಕೊಂಡು ಬಾ, ಕಣ್ಣು ಬಿಟ್ಟ ತಕ್ಷಣ ಕಾಡುಮನುಷ್ಯ ಕಾಣಿಸೋದು ಬೇಡ."

ಅವನು ನಕ್ಕು ಗಲ್ಲ ಸವರಿಕೊಂಡ. ಇಪ್ಪತ್ತು ನಿಮಿಷಕ್ಕೆ ತನಿಖೆಯವನು ಮೇಲೆ ಬಂದ.

"ಕ್ಷಮಿಸಿ, ಆ ಅಮ್ಮ ಇವತ್ತು ರಜ. ಕೌಂಟರಿನವರು ಹೆಸರು ಹಾಕಿ ನೋಡಿ ಇದನ್ನ ಕೊಟ್ರು" ಎಂದು ಒಂದು ನಕಲನ್ನು ಮೇಜಿನ ಮೇಲಿಟ್ಟ. ಗೋದಾಮಿನ ಹಿಂದಿನ ಮನೆಯ ಸಾಮಾನುಗಳಿಗೆ ವಿಮೆ. ಒಂಟಿ, ಫೋನಿಲ್ಲ, ಸಿಗುವುದು ಅಪರೂಪ ಎಂಬ ಚೀಟಿ ನೋಡಿ ಮನೆಯಮ್ಮನಿಗೂ ತನ್ನ ವರ್ಷದ ಗುರಿಗೆ ಬೇಕಾಗಿದ್ದ ಒಬ್ಬ ಸಿಕ್ಕಿದ್ದ; ಕಂತು ತಾನೇ ಕಟ್ಟಿ, ಸಹಿ ತಾನೇ ಹಾಕಿ, ಅವಳೂ ಅವನನ್ನು ಮೂರು ವರ್ಷ ಸಾಕಿದ್ದಳು. ಜೀವವಿಮೆ ಒಮ್ಮೆ ಮಾಡಿಸಿದರೆ ಇಪ್ಪತ್ತು ವರ್ಷ ಮತ್ತೆ ಸಹಿ ಕೇಳುವುದಿಲ್ಲ. ಮನೆಯ ವಿಮೆಗೆ ಆಯುಸ್ಸು ಒಂದೇ ವರ್ಷ, ವರ್ಷವರ್ಷವೂ ಹೊಸ ಅರ್ಜಿ ಬೇಕು ಎಂಬುದು ಜೀವ ಮಾರಿ ಮಾರಿ ಅಭ್ಯಾಸವಾದವನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಹಿಂದಿನ ತಿಂಗಳ ಹದಿನೆಂಟಕ್ಕೆ ಸತ್ತವನು ಇಪ್ಪತ್ತಮೂರಕ್ಕೆ 'ಖುದ್ದಾಗಿ ಹಾಜರಿದ್ದು' ವಿಮೆ ಮುಂದುವರಿಸಿದ್ದ. ತನಿಖೆಯವನು ಮೆಲ್ಲಗೆ, "ಇವರು ಬದುಕಿದ್ದಾರೆ ಅಂದ್ರೆ, ಸತ್ತಿದ್ದಾರೆ ಅಂತ ಐದು ಕಡೆ ಸಹಿ ಹಾಕಿರೋ ಈ ಹೆಂಗಸು ಈಗ ಎಲ್ಲಿ ಸಿಗ್ತಾರೆ?" ಎಂದು ಕೇಳಿದ. ಜೀವದಣ್ಣ ಬಾಯಿ ತೆರೆದ. ಮನೆಯಮ್ಮನ ಅರ್ಜಿಯೇ ಸುಳ್ಳು ಎನ್ನೋಣವೆಂದರೆ ಅವಳನ್ನು ಸಾಕ್ಷಿಯಾಗಿ ಮುಂದಿಟ್ಟವನು ತಾನೇ. ಹನ್ನೆರಡನೆಯವನು ಬದುಕಿದ್ದಾನೆ ಎಂದರೂ ಅಕ್ಕನ ಸಹಿ ಸುಳ್ಳು. ಅವನು ಹುಟ್ಟೇ ಇರಲಿಲ್ಲ ಎಂದರೂ ಅಕ್ಕನ ಸಹಿ ಸುಳ್ಳು.