ಮೌಸ್ ಕಿತ್ತಿಟ್ಟ ಮಾಸ್ತರ

"ಮೌಸ್ ಬಿಡ್ರಿ. ಇಲ್ಲಿ ಮೊದಲ ತಿಂಗಳು ಯಾರಿಗೂ ಮೌಸ್ ಇಲ್ಲ."

ಜಯದೇವಿ ತಲೆ ಎತ್ತುವಷ್ಟರಲ್ಲಿ ಅವಳ ಕೈಯಡಿಯ ಮೌಸ್ ಹೋಗಿಯೇಬಿಟ್ಟಿತ್ತು. ಅದರ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದವನು ರೇವಣಸಿದ್ಧ, ಜಗತ್ ಸರ್ಕಲ್ ಬಳಿಯ ಆ ಕಂಪ್ಯೂಟರ್ ಸೆಂಟರಿನ ಮಾಸ್ತರ.

ಅವಳೆದುರು ಕಪ್ಪು ಪರದೆ. ಮೂಲೆಯಲ್ಲಿ ಮಿಣುಕುವ ಒಂದು ಗೆರೆ, ಅಷ್ಟೇ.

"ಇದ್ರಾಗ ಏನ್ ಮಾಡ್ಬೇಕ್ರಿ?"

"ಕಮಾಂಡ್ ಬರೀಬೇಕು. ಲಿನಕ್ಸ್ ಅಂದ್ರ ಇದೇ. ಮೌಸ್ ಹಿಡಿದು ಚಿತ್ರ ಒತ್ತೋದು ಯಾರಿಗೂ ಬರ್ತದ."

"ಯಾರಿಗೂ ಬರೋದನ್ನ ಮೊದಲು ಕಲಿಸಿದ್ರ ನಿಮ್ದೇನ್ ಹೋಗ್ತದ್ರಿ?"

ಸೆಂಟರಿನವರೆಲ್ಲ ತಿರುಗಿ ನೋಡಿದರು. ಅವನ ಕಿವಿ ಕೆಂಪಾಯಿತು. ಅವಳದೂ...

ಅದು ಎರಡು ಸಾವಿರದ ನಾಲ್ಕರ ಬೇಸಿಗೆ. ಕಮಲಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಜೂನ್‌ನಿಂದ ಜಯದೇವಿ ಕಂಪ್ಯೂಟರ್ ಕಲಿಸಬೇಕಿತ್ತು. ಯಾರೋ ಕೊಟ್ಟ ಹಳೆಯ ಮಷೀನುಗಳಿದ್ದವು. ಅವಕ್ಕೆ ಪುಕ್ಕಟೆ ಸಿಗುವ ಲಿನಕ್ಸೇ ಗತಿ. ಅದಕ್ಕೆಂದೇ ದಿನಾ ಬಸ್ಸು ಹತ್ತಿ ಕಲಬುರಗಿಗೆ ಬರುತ್ತಿದ್ದಳು.

ದಿನಾ ಜಗಳ. ಜಗಳದ ಮೇಲೆ ಚಹಾ. ಬೇಸಿಗೆ ಮುಗಿಯುವ ಹೊತ್ತಿಗೆ, ಅವನೊಂದಿಗೆ ವಾದ ಮಾಡದ ದಿನ ಊರಿಗೆ ಮರಳುವ ದಾರಿಯೇ ಸಾಗುತ್ತಿರಲಿಲ್ಲ ಅವಳಿಗೆ. ಅದನ್ನು ಅವನಿಗೆ ಹೇಳುವುದು ಹೇಗೆ?

ಶಾಲೆ ಶುರುವಾಗುವ ಮುಂಚೆ ಅವನೇ ಬಂದು ಮಷೀನುಗಳಿಗೆ ಲಿನಕ್ಸ್ ಹಾಕಿಕೊಟ್ಟ.

"ನಮ್ಮ ಹುಡುಗ್ಯಾರಿಗೆ ಚಿತ್ರದ ಪರದೆನೇ ಬರ್ಬೇಕ್ರಿ. ಮಾತು ಕೊಡ್ರಿ," ಎಂದಿದ್ದಳು.

"ಕೊಟ್ಟೆ," ಎಂದಿದ್ದ.

ಮೊದಲ ದಿನ ಸ್ವಿಚ್ ಒತ್ತಿದಳು. ಎಲ್ಲ ಮಷೀನುಗಳಲ್ಲೂ ಅದೇ ಕಪ್ಪು ಪರದೆ!

ಅವನು ಹೇಳಿಕೊಟ್ಟಿದ್ದನ್ನೆಲ್ಲ ನೆನಪಿಸಿಕೊಂಡು ಬರೆದಳು. ಒಂದೂ ಫಲಿಸಲಿಲ್ಲ. ಮುಂದಿನ ಸಾಲಿನ ಶಾಹಜಾದಿ ತನ್ನ ಹೆಸರು ಬರೆದಳು. ಇಂಥ ಕಮಾಂಡೇ ಇಲ್ಲವೆಂದು ಪರದೆ ಇಂಗ್ಲಿಷಿನಲ್ಲಿ ಉತ್ತರಿಸಿತು. ಹುಡುಗಿ ಬೆಂಕಿ ಮುಟ್ಟಿದವಳಂತೆ ಕೈ ಹಿಂತೆಗೆದುಕೊಂಡು ಅಳತೊಡಗಿದಳು.

"ಟೀಚರ್, ನಾ ಕೆಡಿಸಿದ್ನೇನ್ರಿ?"

ಬಾಗಿಲಲ್ಲಿ ಹೆಡ್‌ಮಿಸ್ಟ್ರೆಸ್ ಇಂದೂಬಾಯಿ ನಿಂತಿದ್ದರು. "ಜಯದೇವಿ, ಇದು ಮಕ್ಕಳಿಗೆ ಆಗೋದಲ್ಲ. ನಾಳೆ ಸರಿ ಆಗ್ಲಿಲ್ಲಂದ್ರ ಈ ಖೋಲಿ ಹೊಲಿಗಿ ಕ್ಲಾಸಿಗೆ ಕೊಡ್ತೀನಿ."

ಅವಳು ಎಸ್‌ಟಿಡಿ ಬೂತಿಗೆ ಓಡಿ ರೇವಣಸಿದ್ಧನಿಗೆ ಫೋನ್ ಹಚ್ಚಿದಳು.

"ಜಯದೇವಿಯವರಾ?" ಅವನ ದನಿಯಲ್ಲಿ ಖುಷಿ. "ಕಪ್ಪು ಬಂತಲ್ಲ? ಬರ್ಕೋರಿ, ಒಂದೇ ಕಮಾಂಡ್..."

ಅವಳು ರಿಸೀವರ್ ಕುಕ್ಕಿದಳು. ಗೊತ್ತಿದ್ದೇ ಮಾಡಿದ್ದಾನೆ! ವಾದ ಗೆಲ್ಲಲು ಮಕ್ಕಳನ್ನು ಮುಂದಿಟ್ಟನಲ್ಲ... ಇಂಥವನಿಗಾಗಿಯೇ ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕನಸು ಕಂಡದ್ದು?

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಅವನು ಬಂದ. ಒಂದೊಂದೇ ಮಷೀನಿನ ಮುಂದೆ ಕೂತು ಕಮಾಂಡ್ ಬರೆದ. ಪರದೆಗಳಲ್ಲಿ ಬಣ್ಣ ಬಂತು. ಶಾಹಜಾದಿ ಅಂಜುತ್ತಲೇ ಮೌಸ್ ಹಿಡಿದು ಒಂದು ಸೊಟ್ಟ ಮನೆ ಬರೆದಳು.

"ಸರ್, ಇವತ್ತು ಕೆಡೋದಿಲ್ಲಲ್ರಿ?"

ಅವನು ಇಲ್ಲವೆಂದು ತಲೆಯಾಡಿಸಿದ.

ಗಂಟೆ ಹೊಡೆದು ಮಕ್ಕಳು ಹೋದರು.

"ಗೆದ್ದೆ ಅಂತ ಹೇಳ್ಲಿಕ್ಕಿ ಬಂದ್ರೇನು?" ಜಯದೇವಿ ಕೇಳಿದಳು.

"ಗೆಲ್ಲಲಿಕ್ಕಿ ಮಾಡಿದ್ದಲ್ರಿ." ಅವನು ನೆಲ ನೋಡಿದ. "ಎಲ್ಲಾ ಸಲೀಸ್ ನಡದ್ರ... ನೀವು ಮತ್ತ ನನಗ ಫೋನ್ ಯಾಕ ಮಾಡ್ತೀರಿ?"

ಅವನಿಗೂ ತನ್ನ ಮೇಲೆ ಮನಸ್ಸಿದೆಯೆಂದು ಅವಳಿಗೆ ಆಗ ಹೊಳೆಯಿತು. ಆದರೆ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು.

"ನಿಮಗೊಂದು ಫೋನ್ ಬರ್ಲಿ ಅಂತ ಆ ಹುಡುಗಿ ಅಳ್ಬೇಕಿತ್ತೇನ್ರಿ?"

"ಇಲ್ರಿ. ತಪ್ಪಾಯ್ತು. ಹೊಸಬರಿಗೆ ಮೊದಲೇ ಕಮಾಂಡ್ ಬೇಕಿಲ್ಲ. ನೀವಂದಿದ್ದೇ ಖರೇ."

ಅವಳು ಕುರ್ಚಿ ಎಳೆದು ಕೂತಳು. "ಅವರಿಗೆ ಬ್ಯಾಡ. ನನಗ ಬೇಕು. ಕಲಿಸ್ರಿ."

"ನಿಮಗ್ಯಾಕ?"

"ಮಷೀನ್ ಕೆಟ್ರ ಇನ್ನ ನಿಮ್ಮನ್ನ ಕರಿಯೋದಿಲ್ಲ. ನಾನೇ ನೋಡ್ಕೋತೀನಿ."

ಅವನ ಮುಖ ಬಾಡಿತು. ಅವಳು ಕೀಬೋರ್ಡಿನ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದಳು, "ಮಷೀನಿನ ನೆಪ ಇಲ್ದ ಬರ್ಲಿಕ್ಕಿ ಆಗೋದಿಲ್ಲೇನ್ರಿ ನಿಮಗ?"

ಅವನು ಇನ್ನೊಂದು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ.

"ಐತವಾರ ಬರ್ಲಾ?"

"ಐತವಾರ ಸಾಲಿ ಸೂಟಿ ಇರ್ತದ."

"ಗೊತ್ತದ."

"ಮನ್ಯಾಗ ಅಪ್ಪ ಇರ್ತಾರ," ಎಂದಳು ಜಯದೇವಿ. "ನಾನೂ ಇರ್ತೀನಿ. ಬರ್ರಿ."