ಗೇಮ್ ಪೆಟ್ಟಿಗೆಯ ಸಂಸಾರ

"ಸ್ವಿಚ್ ಮ್ಯಾಲಿಂದ ಕೈ ತಗಿ ಸಿದ್ಧಿ," ಎಂದಳು ಅಜ್ಜಿ ಹೀರಾ ಆಯಿ. "ಅದರೊಳಗ ಸಂಸಾರ ಐತಿ."

ಸಿದ್ಧಿ ಬಗ್ಗಿ ನೋಡಿದಳು. ಕ್ಯಾಸೆಟ್ ಹಾಕುವ ಸೀಳಿನಿಂದ ಕರಿ ಇರುವೆಯೊಂದು ಇಣುಕಿತು. ಅದರ ಹಿಂದೆ ಇನ್ನೊಂದು. ಅದರ ಬಾಯಲ್ಲಿ ನುಚ್ಚಕ್ಕಿಯಂಥ ಬಿಳಿ ತತ್ತಿ.

ಆ ಪೆಟ್ಟಿಗೆ ಅಭಿನಂದನ ಮಾಮಾ ಸಣ್ಣವನಿದ್ದಾಗ ಆಡಿದ ವಿಡಿಯೋ ಗೇಮ್. ತೇರದಾಳದ ಈ ಮನೆಯ ಅಟ್ಟದ ಮೇಲೆ, ಡಬ್ಬಾ ಟಿವಿಯ ಪಕ್ಕ ಇಷ್ಟು ವರ್ಷ ಸುಮ್ಮನೆ ಕೂತಿತ್ತು. ಸೋಲಾಪುರದಿಂದ ಬಂದ ಮಾಮಾ ಬೆಳಿಗ್ಗೆ ಎರಡನ್ನೂ ಇಳಿಸಿ ಹಳದಿ ವೈರು ಜೋಡಿಸಿದ್ದ.

ಪೆಟ್ಟಿಗೆಯಲ್ಲಿ ಆಟವೇ ಇರುವುದಿಲ್ಲವಂತೆ. ಆಟವೆಲ್ಲ ಕ್ಯಾಸೆಟ್ಟಿನೊಳಗಿನ ಚಿಪ್‌ನಲ್ಲಿ. ಕ್ಯಾಸೆಟ್ಟು ಒಳಗಿನ ಪಿನ್ನುಗಳಿಗೆ ಗಟ್ಟಿಯಾಗಿ ಕಚ್ಚಿಕೊಂಡರೆ ಮಾತ್ರ ಚಿತ್ರ. ಚಿತ್ರ ಬರದಿದ್ದರೆ ಆಗಿನ ಹುಡುಗರೆಲ್ಲ ಕ್ಯಾಸೆಟ್ಟು ತೆಗೆದು ಉಫ್ ಎಂದು ಊದುತ್ತಿದ್ದರಂತೆ. ಊದಿದರೆ ಪಿನ್ನಿಗೆ ತುಕ್ಕು ಹಿಡಿಯುತ್ತದೆ ಎಂದು ತಿಳಿದದ್ದು ಮೀಸೆ ಬಂದ ಮೇಲೆ ಎಂದು ಮಾಮಾ ನಕ್ಕಿದ್ದ.

ಮಾಮಾನನ್ನು ಸೋಲಿಸಿಯೇ ಕಳಿಸುತ್ತೇನೆ ಎಂದು ಸಿದ್ಧಿ ಓಣಿಗೆಲ್ಲ ಸಾರಿ ಬಂದಿದ್ದಳು. ಅವನೋ ಸಂಜೆ ಬಸ್ಸಿಗೆ ಹೊರಡುವವನು.

"ಸ್ಕ್ರೂ ಬಿಚ್ಚಿ ಜಾಡಿಸಿದ್ರ ಆತಲ್ಲ ಆಯಿ?"

"ತತ್ತಿ ಒಡದ ಹೋಗ್ತಾವು. ತಾವ ಬರಲಿ, ನಾವು ದಾರಿ ಮಾಡಿ ಕೊಡೂಣು."

ಆಯಿ ಪೆಟ್ಟಿಗೆಯನ್ನು ಅಂಗಳದ ಎಳೆಬಿಸಿಲಿಗೆ ಇಟ್ಟಳು. ಬೇವಿನ ಗಿಡದ ತಂಪು ಮಣ್ಣಿನ ತನಕ ಬೆಲ್ಲದ ಪುಡಿ ಉದುರಿಸಿದಳು. ಸಿದ್ಧಿ ಮುಖ ಊದಿಸಿಕೊಂಡು ಕಟ್ಟೆಯ ಮೇಲೆ ಕೂತಳು.

ಮಧ್ಯಾಹ್ನವಾಯಿತು. ಇರುವೆಗಳ ಸಾಲು ಮುಗಿಯಲೇ ಇಲ್ಲ. ಮಾಮಾ ಬ್ಯಾಗು ತುಂಬತೊಡಗಿದ. ಆಯಿಗೆ ತೂಕಡಿಕೆ. ಸಿದ್ಧಿ ಮೆಲ್ಲಗೆ ಎದ್ದು ಪೆಟ್ಟಿಗೆ ಎತ್ತಿದಳು. ಒಳಗೆ ಒಯ್ದು ಕ್ಯಾಸೆಟ್ಟು ತುರುಕಿ ಸ್ವಿಚ್ ಹಾಕುವುದೊಂದೇ ಬಾಕಿ. ಒಯ್ಯುವ ಮುನ್ನ ಸೀಳಿನೊಳಗೆ ಕಣ್ಣಿಟ್ಟಳು.

ಇರುವೆಯೊಂದು ತತ್ತಿ ಎಳೆಯುತ್ತಿತ್ತು. ಎರಡು ಪಿನ್ನುಗಳ ನಡುವೆ ತತ್ತಿ ಸಿಕ್ಕಿಬಿದ್ದಿತ್ತು. ಇರುವೆ ಎಳೆಯಿತು, ಜಾರಿತು, ಮತ್ತೆ ಹತ್ತಿತು.

ಸಿದ್ಧಿ ಪೆಟ್ಟಿಗೆಯನ್ನು ಕೆಳಗಿಟ್ಟು ಬೋರಲು ಮಲಗಿದಳು.

"ಜಂಪ್ ಮಾಡು ಲೇ," ಎಂದು ಪಿಸುಗುಟ್ಟಿದಳು. "ಹಾಂ, ಬಲಕ್ಕ, ಬಲಕ್ಕ."

ಯಾರ ಜೊತೆ ಮಾತು ಎಂದು ನೋಡಲು ಬಂದ ಮಾಮಾ ತಾನೂ ಪಕ್ಕದಲ್ಲಿ ಬೋರಲಾದ. ತತ್ತಿ ಹೊರಬಿದ್ದಾಗ ಇಬ್ಬರೂ ಚಪ್ಪಾಳೆ ಹೊಡೆದ ಸದ್ದಿಗೆ ಆಯಿ ಬೆಚ್ಚಿ ಎದ್ದಳು.

ಸಾಲು ಮುಗಿಯುವ ಹೊತ್ತಿಗೆ ನೆರಳು ಉದ್ದವಾಗಿತ್ತು. ಒಂದು ಆಟ ಆಡಿಯೇ ಹೊರಡುತ್ತೇನೆ ಎಂದ ಮಾಮಾ. ಮೊದಲು ಅವನೇ ಆಡಿದ, ಅವನ ಮೂರೂ ಲೈಫ್ ಮುಗಿದವು. ಆಮೇಲೆ ಸಿದ್ಧಿ. ಅವಳ ಪಾಯಿಂಟು ಏರುತ್ತ ಹೋಯಿತು. ಎದುರಿಗಿದ್ದ ಹೊಂಡವೊಂದನ್ನು ಹಾರಿದರೆ ಮಾಮಾ ಸೋತಂತೆ.

ಆಗ ಕೈಯಲ್ಲಿದ್ದ ಕಂಟ್ರೋಲಿನ ಕೆಂಪು ಜಂಪ್ ಬಟನ್ ಮೇಲೆ ಒಂದು ಇರುವೆ ಹತ್ತಿ ನಿಂತಿತು. ದಾರಿ ತಪ್ಪಿ ಹಿಂದುಳಿದದ್ದು.

ಸಿದ್ಧಿಯ ಹೆಬ್ಬೆರಳು ಮೇಲೆಯೇ ನಿಂತುಬಿಟ್ಟಿತು. ಟಿವಿಯ ಗೊಂಬೆ ಹೊಂಡದಲ್ಲಿ ಬಿತ್ತು.

"ಒತ್ತಬೇಕಿತ್ತಲ್ಲ ಲೇ," ಎಂದ ಮಾಮಾ. "ಒಂದ ಲೈಫ್ ಹೋತು ನೋಡು."

ಸಿದ್ಧಿ ಇರುವೆಯನ್ನು ಬೆರಳಿಗೆ ಹತ್ತಿಸಿಕೊಂಡು ಬೇವಿನ ಗಿಡದ ಕಡೆ ಹೊರಟಳು.

"ಹೋಗ್ಲಿ ಬಿಡ್ರಿ ಮಾಮಾ," ಎಂದಳು. "ನಂದ ಇನ್ನೂ ಎರಡ ಅದಾವು."